ಎರಡಂತಸ್ತಿನ ಗಾಜಿನ ತೊಟ್ಟಿ

ನಾನು ಒಂದು ಗಾಜಿನ ತೊಟ್ಟಿ. ಒಂದಡಿ ಉದ್ದ, ಅರ್ಧ ಅಡಿ ಅಗಲ, ಒಂದೂವರೆ ಅಡಿ ಎತ್ತರ. ನನ್ನೊಳಗೆ, ತಳದಿಂದ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಎತ್ತರದಲ್ಲಿ, ಗಾಜಿನದೇ ಒಂದು ಅಟ್ಟವಿದೆ. ಆ ಅಟ್ಟದ ನಡುವೆ ಹೆಬ್ಬೆರಳು ತೂರುವಷ್ಟು ಒಂದು ತೂತು, ಅದಕ್ಕೊಂದು ತಗಡಿನ ಬಾಗಿಲು, ಬಾಗಿಲಿಗೆ ಒಂದು ದಾರ. ನನಗೀಗ ಒಂಬತ್ತು ವರ್ಷ. ಗಾಜಿಗೆ ಅದೇನೂ ವಯಸ್ಸಲ್ಲ. ಆದರೆ ನನ್ನ ಮೂಲೆಗಳನ್ನು ಹಿಡಿದಿರುವ ಅಂಟಿಗೆ ವಯಸ್ಸಾಗಿದೆ, ಹಳದಿಯಾಗಿದೆ, ಅಲ್ಲಲ್ಲಿ ಎದ್ದಿದೆ.

ನನ್ನನ್ನು ಮಾಡಿದವರು ಪರಶುರಾಮ ಕಾಟವೆ. ಹುಬ್ಬಳ್ಳಿಯ ಹಳೆಯ ಪೇಟೆಯ ಸಂದಿಯೊಂದರಲ್ಲಿ ಅವರ ಗಾಜಿನ ಅಂಗಡಿ. ಕಿಟಕಿಗೆ ಗಾಜು ಕೊಯ್ದು ಕೊಡುವುದು, ದೇವರ ಪಟಕ್ಕೆ ಕಟ್ಟು ಹಾಕುವುದು, ಮೀನಿನ ತೊಟ್ಟಿ ಮಾಡುವುದು ಅವರ ಕಸುಬು. ಒಂದು ದಿನ ಹೆಂಗಸೊಬ್ಬರು ಕಾಗದದ ಮೇಲೆ ಅಳತೆ ಬರೆದುಕೊಂಡು ಬಂದರು. ಮುಖದಲ್ಲಿ ಬೆವರು, ಹೆಗಲಲ್ಲಿ ಭಾರದ ಚೀಲ. ಒಂದು ಮೊಣಕಾಲು ನೋಯುತ್ತಿತ್ತೇನೋ, ಮೆಟ್ಟಿಲನ್ನು ಅಡ್ಡಡ್ಡ ಹತ್ತಿದರು. ಅವರೇ ಇಂದುಮತಿ ಗೋಡಿಹಾಳ, ಊರಾಚೆಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುವವರು.

ಕಾಟವೆಯವರು ಮೊದಲು ಮಾಡಿದ ತೊಟ್ಟಿಯನ್ನು ಅವರು ಒಪ್ಪಲಿಲ್ಲ. ಎರಡನೆಯದನ್ನೂ ಒಪ್ಪಲಿಲ್ಲ. ಮೂಲೆಮಟ್ಟ ಇಟ್ಟು ನೋಡಿ, ಗೋಡೆ ಕೂದಲಷ್ಟು ವಾಲಿದೆ ಎಂದರು. ಮೀನಿಗೆ ಅಷ್ಟೆಲ್ಲ ನೇರ ಯಾಕೆ ಬೇಕು ಎಂದು ಕಾಟವೆಯವರು ಗೊಣಗಿದರು. ಮೀನಿಗಲ್ಲ, ಬೆಳಕಿಗೆ ಬೇಕು ಎಂದು ಇಂದುಮತಿ ಹೇಳಿದರು. ಮೂರನೆಯದು ನಾನು. ನನ್ನನ್ನು ಮಾಡುವಾಗ ಕಾಟವೆಯವರು ಚಹಾ ಕುಡಿಯಲೂ ಏಳಲಿಲ್ಲ.

ಕಾಲೇಜಿನ ಕಟ್ಟಡದ ಕೊನೆಯಲ್ಲಿ, ಹಳೆಯ ಬೆಂಚುಗಳನ್ನು ಒಟ್ಟಿದ ಒಂದು ಕೋಣೆಯನ್ನು ಇಂದುಮತಿ ಕೇಳಿ ಪಡೆದಿದ್ದರು. ಕಿಟಕಿಗಳಿಗೆ ಕರಿ ಕಾಗದ ಅಂಟಿಸಿದ್ದರು. ಆ ಕೋಣೆಯಲ್ಲಿ ನನ್ನ ನಾಲ್ಕು ವರ್ಷ ಕಳೆಯಿತು.

ಅವರಿಗಾಗ ನಲವತ್ತಮೂರು. ಹದಿನೆಂಟು ವರ್ಷ ಪಾಠ ಹೇಳಿದ ಮೇಲೆ ಡಾಕ್ಟರೇಟಿಗೆ ಹೆಸರು ಹಚ್ಚಿದ್ದರು. ಹಚ್ಚದಿದ್ದರೆ ಮುಂದಿನ ದರ್ಜೆ ಸಿಗುವುದಿಲ್ಲ ಎಂದು ಕಾಲೇಜು ಹೇಳಿತ್ತು. ದಿನಕ್ಕೆ ನಾಲ್ಕು ಪಾಠ, ಮೇಲೆ ಪರೀಕ್ಷೆಯ ಕೆಲಸ, ಹಾಸ್ಟೆಲ್ಲಿನ ಉಸ್ತುವಾರಿ. ಉಳಿದ ಹೊತ್ತು ನನ್ನದು. ಬೆಳಗಿನ ಮೊದಲ ಬಸ್ಸಿಗೆ ಬಂದು, ಏಳು ಗಂಟೆಗೆ ಬೀಗ ತೆಗೆಯುತ್ತಿದ್ದರು. ಒಳಗೆ ಬಂದವರೇ ಒಂದು ಗಳಿಗೆ ಸುಮ್ಮನೆ ಸ್ಟೂಲಿನ ಮೇಲೆ ಕೂತುಬಿಡುತ್ತಿದ್ದರು. ಆಗ ಅವರ ಮುಖ ನೋಡಿದರೆ, ಆಗಲೇ ದಿನ ಮುಗಿದವರಂತೆ ಕಾಣುತ್ತಿತ್ತು.

ಅವರು ಮಾಡುತ್ತಿದ್ದ ಕೆಲಸವನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಕಾಳಿನ ರಾಶಿಯ ಒಳಗೆ ಏನು ನಡೆಯುತ್ತದೆ ಎಂದು ಯಾರಿಗೂ ಕಾಣುವುದಿಲ್ಲ. ಗಾಜಿನ ಡಬ್ಬಿಯಲ್ಲಿ ಕಾಳು ತುಂಬಿದರೂ ಕಾಣುವುದು ಗಾಜಿಗೆ ಒತ್ತಿಕೊಂಡ ಹೊರಗಿನ ಒಂದು ಸಾಲು ಮಾತ್ರ. ಆ ಸಾಲು ಒಳಗಿನ ನಿಜ ಹೇಳುವುದಿಲ್ಲ, ಗೋಡೆ ಹಿಡಿದುಕೊಂಡೇ ನಿಂತಿರುತ್ತದೆ. ಸರಿ, ಕಾಳಿನ ಬದಲು ಗಾಜಿನ ಚೂರು ತುಂಬಿದರೆ? ಗಾಜು ಪಾರದರ್ಶಕ, ಆದರೆ ಚೂರುಗಳ ರಾಶಿ ಬೆಳ್ಳಗೆ ಉಪ್ಪಿನ ಗುಡ್ಡೆಯಂತೆ ಕಾಣುತ್ತದೆ. ಒಂದೊಂದು ಚೂರಿನ ಅಂಚಿನಲ್ಲೂ ಬೆಳಕು ಬಾಗಿ, ಹಾದಿ ತಪ್ಪಿ, ಕೊನೆಗೆ ಹಿಂದಕ್ಕೇ ಬರುತ್ತದೆ.

ಅದಕ್ಕೆ ಒಂದು ಉಪಾಯವಿದೆ. ಗಾಜಿನಲ್ಲಿ ಬೆಳಕು ಎಷ್ಟು ಬಾಗುತ್ತದೋ ಅಷ್ಟೇ ಬಾಗುವ ದ್ರವವನ್ನು ಸುರಿಯಬೇಕು. ಆಗ ಬೆಳಕಿಗೆ ಗಾಜು ಯಾವುದು, ದ್ರವ ಯಾವುದು ತಿಳಿಯುವುದಿಲ್ಲ. ನೇರ ಹಾದು ಹೋಗುತ್ತದೆ. ಚೂರುಗಳು ಅಲ್ಲೇ ಇದ್ದೂ ಮಾಯವಾಗುತ್ತವೆ. ಇಂದುಮತಿ ಮೊದಲ ಸಲ ನನ್ನೊಳಗೆ ಸುರಿದದ್ದು ಕುಸುಬಿ ಎಣ್ಣೆ. ರಸಾಯನಶಾಸ್ತ್ರದವರು ಎಸೆದ ಗಾಜಿನ ಕಡ್ಡಿಯೊಂದನ್ನು ಅದರಲ್ಲಿ ಅದ್ದಿದಾಗ, ಮುಳುಗಿದ ಅರ್ಧ ಇಲ್ಲವಾಯಿತು. ಅವರು ಒಬ್ಬರೇ ನಕ್ಕರು. ಅವರು ಅಷ್ಟು ಹಗುರಾಗಿ ನಕ್ಕದ್ದನ್ನು ನಾನು ಹೆಚ್ಚು ಸಲ ನೋಡಿಲ್ಲ.

ತಿಂಗಳಲ್ಲಿ ಎಣ್ಣೆ ನಾತ ಹೊಡೆಯಿತು. ಆಮೇಲೆ ಗ್ಲಿಸರಿನ್ ಬಂತು. ಜೇನಿನಂತೆ ಮಂದ, ನೀರಿನಂತೆ ತಿಳಿ. ಅದಕ್ಕೆ, ಬೆಳಕು ತಾಗಿದರೆ ಹೊಳೆಯುವ ಗುಲಾಬಿ ಬಣ್ಣದ ಪುಡಿ ಒಂದು ಚಿಟಿಕೆ ಬೆರೆಸುತ್ತಿದ್ದರು. ಹಸಿರು ಲೇಸರ್ ಬೆಳಕನ್ನು ಒಂದು ಗಾಜಿನ ಕಡ್ಡಿಯ ಮೂಲಕ ಹಾಯಿಸಿ, ಕಾಗದದ ಹಾಳೆಯಂತೆ ತೆಳ್ಳಗೆ ಹರಡಿ, ನನ್ನ ಒಂದು ಮಗ್ಗುಲಿನಿಂದ ಒಳಗೆ ಬಿಡುತ್ತಿದ್ದರು. ಹಾಳೆ ಮುಟ್ಟಿದಲ್ಲೆಲ್ಲ ದ್ರವ ಕಿತ್ತಳೆ ಬಣ್ಣಕ್ಕೆ ಹೊಳೆಯುತ್ತಿತ್ತು, ಚೂರುಗಳು ಕಪ್ಪಾಗಿ ನಿಲ್ಲುತ್ತಿದ್ದವು. ಹಾಳೆಯನ್ನು ಕೂದಲಷ್ಟು ಸರಿಸಿ ಒಂದು ಫೋಟೋ, ಮತ್ತೆ ಸರಿಸಿ ಮತ್ತೊಂದು. ಗಡ್ಡೆಯನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ದು ನೋಡಿದ ಹಾಗೆ, ಕೊಯ್ಯದೆಯೇ ರಾಶಿಯ ಒಳಗನ್ನು ನೋಡುವುದು. ನೋಡುವವರು ನೆನಪಿಡಬೇಕಾದದ್ದು ಒಂದೇ: ಕಪ್ಪು ಅಂದರೆ ಕಾಳು, ಬೆಳಕು ಅಂದರೆ ಪೊಳ್ಳು.

ಹೇಳಿದಷ್ಟು ಸಲೀಸಲ್ಲ ಅದು. ಅಂಗಡಿಯಲ್ಲಿ ಸಿಗುವ ದುಂಡು ಗಾಜಿನ ಮಣಿಗಳು ಅವರ ಕೆಲಸಕ್ಕೆ ಒದಗಲಿಲ್ಲ. ಅವರು ಅಭ್ಯಾಸ ಮಾಡುತ್ತಿದ್ದ ಗೋವಿನಜೋಳದ ಕಾಳು ದುಂಡಗಿರುವುದಿಲ್ಲ, ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ. ಆದ್ದರಿಂದ ಒಡೆದ ಗಾಜಿನ ಕಡ್ಡಿ, ಬೀಕರುಗಳನ್ನು ಎರಡು ವರ್ಷ ಕೂಡಿಸಿ, ಬಟ್ಟೆಯಲ್ಲಿ ಸುತ್ತಿ ಕುಟ್ಟಿ, ಜರಡಿ ಹಿಡಿದು ಕಾಳಿನ ಗಾತ್ರದ ಚೂರು ಮಾಡಿಸಿದರು. ಬಿಸಿಲೇರಿದರೆ ಗ್ಲಿಸರಿನ್ನಿನ ಗುಣ ಬದಲಾಗಿ ಮಾಯವಾದ ಚೂರುಗಳು ಮತ್ತೆ ಮಬ್ಬಾಗಿ ಎದ್ದು ಬರುತ್ತಿದ್ದವು. ಹಾಗಾಗಿ ಏಳರಿಂದ ಒಂಬತ್ತರವರೆಗೆ ಮಾತ್ರ ಕೆಲಸ. ಒಂದು ಪ್ರಯೋಗ ಕೆಟ್ಟರೆ ಎಲ್ಲ ತೆಗೆದು, ತೊಳೆದು, ಒಣಗಿಸಿ, ಮತ್ತೆ ತುಂಬಲು ಎರಡು ದಿನ. ಡಾಕ್ಟರೇಟಿನ ಗಡುವು ಒಮ್ಮೆ ಮುಗಿಯಿತು, ಮುಂದೂಡಿದರು. ಎರಡನೆಯ ಸಲವೂ ಮುಂದೂಡಿದರು. ಮೂರನೆಯ ಸಲ ಆಗದು ಎಂದು ಪತ್ರ ಬಂತು. ಅವರು ಪತ್ರವನ್ನು ಮಡಿಸಿ ನನ್ನ ಕೆಳಗೆ, ಅಲುಗದಂತೆ ಒತ್ತು ಕೊಡಲು, ಇಟ್ಟರು.

ಚೂರು ಕುಟ್ಟಿಕೊಡುತ್ತಿದ್ದವಳು ಜೈತುನಬಿ. ಕಾಲೇಜಿನಲ್ಲಿ ಕಸ ಗುಡಿಸಿ ನೆಲ ಒರೆಸುವವಳು, ನಲವತ್ತರ ಹತ್ತಿರದವಳು. ನಾನು ಬಂದ ಎರಡು ವರ್ಷಕ್ಕೆ ಅವಳು ಕೆಲಸಕ್ಕೆ ಸೇರಿದಳು. ಎಲ್ಲರೂ ಇಂದುಮತಿಯವರನ್ನು ಮೇಡಂ ಅನ್ನುತ್ತಿದ್ದರೆ ಅವಳು ಮಾತ್ರ ತನ್ನೂರ ಶಾಲೆಯ ರೂಢಿಯಂತೆ ಅಕ್ಕಾರ ಅನ್ನುತ್ತಿದ್ದಳು. ಗಂಡ ತೀರಿಕೊಂಡಿದ್ದಾನೆ, ಮನೆಯಲ್ಲಿ ವಯಸ್ಸಾದ ಮಾವ ಇದ್ದಾನೆ ಎನ್ನುವುದಷ್ಟೇ ಗೊತ್ತಿತ್ತು. ಒಂದು ವರ್ಷ ಅವಳು ಆ ಕೋಣೆಯ ನೆಲ ಒರೆಸಿದಳು, ಗಾಜು ಕುಟ್ಟಿದಳು, ಬೆರಳಿಗೆ ಚೂರು ಹೊಕ್ಕರೆ ಸೂಜಿಯಿಂದ ತೆಗೆದುಕೊಂಡಳು. ನನ್ನ ಕಡೆ ತಿರುಗಿ ನೋಡಿದವಳಲ್ಲ.

ಒಂದು ಮುಂಜಾನೆ ಇಂದುಮತಿ ದಾರ ಎಳೆದು ತೂತಿನ ಬಾಗಿಲು ತೆಗೆದರು. ಮೇಲಂತಸ್ತಿನ ಚೂರುಗಳು ಮೆಲ್ಲಗೆ ಕೆಳಗಿಳಿಯತೊಡಗಿದವು. ಸ್ವಲ್ಪ ಹೊತ್ತಿಗೆ ನಿಂತವು. ಬೆಳಕಿನ ಹಾಳೆ ಒಳಗೆ ಬಂದಾಗ, ತೂತಿನ ಮೇಲೆ ಚೂರುಗಳು ಒಂದಕ್ಕೊಂದು ಹೆಗಲು ಕೊಟ್ಟು ಕಮಾನು ಕಟ್ಟಿಕೊಂಡಿದ್ದವು. ಕಮಾನಿನ ಕೆಳಗೆ ಒಂದೇ ಒಂದು ಕಪ್ಪು ಚುಕ್ಕೆ ಇಲ್ಲ, ಬರೀ ಕಿತ್ತಳೆ ಬೆಳಕು. ಜೈತುನಬಿಯ ಕೈಯಲ್ಲಿ ಒರೆಸುವ ಬಟ್ಟೆ ಇತ್ತು. ಅವಳು ನಿಂತು ನೋಡಿದಳು.

ಅಲ್ಲಿ ಏನಿದೆ ಎಂದು ಕೇಳಿದಳು. ಏನೂ ಇಲ್ಲ, ಪೊಳ್ಳು, ಕಾಳು ಕೆಳಗೆ ಹೋಯಿತು, ಮೇಲಿನದು ಬೀಳಲಿಲ್ಲ ಎಂದು ಇಂದುಮತಿ ತಿಳಿಸಿದರು.

“ಮ್ಯಾಲಿಂದ ನೋಡಿದ್ರ ಕಾಣಾಂಗಿಲ್ಲೇನ್ರಿ ಅಕ್ಕಾರ?”

“ಕಾಣಾಂಗಿಲ್ಲ. ನೀನ ನೋಡು.”

ಜೈತುನಬಿ ಸ್ಟೂಲಿನ ಮೇಲೆ ಹತ್ತಿ, ನನ್ನ ಬಾಯಿಯಿಂದ ಒಳಗೆ ಬಗ್ಗಿ ನೋಡಿದಳು. ಮೇಲ್ಮೈ ಸಪಾಟಾಗಿತ್ತು, ಯಾರೋ ಕೈಯಿಂದ ಸವರಿದ ಹಾಗೆ. ಅವಳು ಇಳಿದು ನೆಲದ ಮೇಲೆ ಕುಳಿತಳು. ಒರೆಸುವ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು, ನೀರು ಸೀರೆಗೆ ಇಳಿಯುತ್ತಿದ್ದರೂ ಲೆಕ್ಕಿಸದೆ, ತನ್ನ ಕತೆ ಹೇಳಿದಳು.

ಅವಳ ಗಂಡ ಇಮಾಮಸಾಬ ನದಾಫ. ಹಾವೇರಿ ಕಡೆಯ ಒಂದು ಕೋಳಿ ಆಹಾರದ ಕಾರ್ಖಾನೆಯಲ್ಲಿ ಒಂಬತ್ತು ವರ್ಷ ದುಡಿದವನು. ಅಲ್ಲಿ ಗೋವಿನಜೋಳ ತುಂಬುವ ಎತ್ತರದ ಉಕ್ಕಿನ ಕಣಜಗಳಿದ್ದವು. ಕೆಳಗಿನ ಬಾಯಿಯಿಂದ ಜೋಳ ಇಳಿಯುವುದು ನಿಂತರೆ, ಮೇಲಿನಿಂದ ಒಳಗಿಳಿದು ಉದ್ದನೆಯ ಸಲಾಕೆಯಿಂದ ತಿವಿಯುವುದು ಅವನ ಕೆಲಸ. ಆ ದಿನ ಮೇಲ್ವಿಚಾರಕ ಹೇಳಿದ, ಇವನು ಇಳಿದ. ಜೋಳದ ಮೇಲೆ ನಾಲ್ಕು ಹೆಜ್ಜೆ ಇಟ್ಟ. ಐದನೆಯದಕ್ಕೆ ಮೈಯೆಲ್ಲ ಒಳಗೆ ಹೋಯಿತು. ಕಣಜದ ಮಗ್ಗುಲು ಕೊರೆದು ತೆಗೆಯುವ ಹೊತ್ತಿಗೆ ಮಧ್ಯಾಹ್ನವಾಗಿತ್ತು.

ಕಾರ್ಖಾನೆಯವರು ಕೊಟ್ಟ ವರದಿಯಲ್ಲಿ ಬೇರೆಯೇ ಇತ್ತು. ಜೋಳದ ಮೇಲ್ಮೈಯಲ್ಲಿ ದೊಡ್ಡ ಗುಂಡಿ ಬಿದ್ದಿದ್ದು ಕಣ್ಣಿಗೆ ಕಾಣುತ್ತಿತ್ತು, ಯಾರೂ ಹೇಳದಿದ್ದರೂ ಕುಡಿದ ಮತ್ತಿನಲ್ಲಿ ಅದರಲ್ಲಿ ಕಾಲಿಟ್ಟ, ತಪ್ಪು ಅವನದೇ ಎಂದು ಬರೆದಿದ್ದರು. ಮೇಲೆ ನಿಂತಿದ್ದ ಜೊತೆಗಾರನೊಬ್ಬ ಗುಂಡಿ ಇರಲಿಲ್ಲ, ನೆಲದ ಹಾಗಿತ್ತು ಎಂದು ಹೇಳಿದ್ದ. ಯಾರೂ ನಂಬಲಿಲ್ಲ. ಸಪಾಟಾಗಿದ್ದರೆ ಮನುಷ್ಯ ಹೇಗೆ ಮುಳುಗುತ್ತಾನೆ ಎಂದು ಕೇಳಿದರು. ಜೈತುನಬಿ ಮರುವಿಚಾರಣೆಗೆ ಅರ್ಜಿ ಕೊಟ್ಟಿದ್ದಳು. ಅದು ಇವತ್ತು ನಾಳೆ ಎಂದು ಮುಂದಕ್ಕೆ ಹೋಗುತ್ತಲೇ ಇತ್ತು.

“ಅವ್ರು ಒಂದ ದಿನಾ ಕುಡದವ್ರಲ್ರಿ,” ಎಂದಳು. “ನಮ್ಮ ಮಾವ ನಮಾಜ ತಪ್ಪಸೂದಿಲ್ಲ. ಮಗಾ ಕುಡದು ಸತ್ತಾ ಅಂತ ಕಾಗದದಾಗ ಬರದಾರ ಅಂದ ಮ್ಯಾಲೆ ಮಗನ ಹೆಸರ ಎತ್ತಿಲ್ಲ ಅಂವ. ನಾ ಹೇಳಿದ್ದು ಖರೆ ಅಂತ ತಿಳೀವಲ್ಲ. ಕಾಗದ ಖರೆ ಅಂತಾನ.”

ಇಂದುಮತಿ ಎದ್ದು, ಸಪಾಟಾದ ಮೇಲ್ಮೈಯನ್ನೂ ಕೆಳಗಿನ ಪೊಳ್ಳನ್ನೂ ಒಂದೇ ಚಿತ್ರದಲ್ಲಿ ಬರುವಂತೆ ಫೋಟೋ ತೆಗೆದರು. ಮರುದಿನದಿಂದ ಅವರು ಮಾಡಿದ ಪ್ರಯೋಗಗಳು ಡಾಕ್ಟರೇಟಿಗೆ ಬೇಕಾದವಲ್ಲ ಎಂದು ನನಗೆ ಗೊತ್ತಾಯಿತು. ಒಂದೇ ಪ್ರಯೋಗವನ್ನು ಮತ್ತೆ ಮತ್ತೆ ಮಾಡಿದರು. ತುಂಬುವುದು, ದಾರ ಎಳೆಯುವುದು, ನೋಡುವುದು, ತೆಗೆಯುವುದು. ನಲವತ್ತು ಸಲ ಮಾಡಲು ಏಳು ತಿಂಗಳು ಬೇಕಾಯಿತು. ನಲವತ್ತರಲ್ಲಿ ಇಪ್ಪತ್ತನಾಲ್ಕು ಸಲ ಪೊಳ್ಳಾಯಿತು. ಹದಿನಾರು ಸಲ ಚೂರುಗಳು ಸುಮ್ಮನೆ ಇಳಿದು ಮೇಲೆ ಗುಂಡಿ ಬಿತ್ತು.

ಅವರ ಮಾರ್ಗದರ್ಶಕರು ಬೆಟಗೇರಿ ಸರ್, ವಿಭಾಗದ ಮುಖ್ಯಸ್ಥರು, ನಿವೃತ್ತಿಗೆ ಎರಡು ವರ್ಷ ಉಳಿದವರು. ಕೆಟ್ಟ ಮನುಷ್ಯರಲ್ಲ. ಆದರೆ ಆ ಕಾರ್ಖಾನೆಯ ಮಾಲೀಕರು ಕಾಲೇಜಿನ ಆಡಳಿತ ಮಂಡಳಿಯಲ್ಲಿದ್ದರು. ಮಾರ್ಚಿನ ಒಂದು ಬೆಳಗ್ಗೆ ಬೆಟಗೇರಿಯವರು ಕೋಣೆಗೆ ಬಂದು, ನನ್ನನ್ನು ಸುತ್ತು ಹಾಕಿ ನೋಡಿ, ಕರ್ಚೀಪಿನಿಂದ ಮುಖ ಒರೆಸಿಕೊಂಡರು.

“ಇಂದುಮತಿ, ನೀವು ಕಾಳು ನೋಡ್ರಿ. ಮನಿಷ್ಯಾರನ್ನ ನೋಡಾಕ ಹೋಗಬ್ಯಾಡ್ರಿ,” ಎಂದರು.

ವಿಚಾರಣೆಯ ದಿನ ಗೊತ್ತಾಗಿದೆ, ಅಲ್ಲಿ ಇದನ್ನು ತೋರಿಸಲು ಜೈತುನಬಿ ಅರ್ಜಿ ಕೊಟ್ಟಿದ್ದಾಳೆ ಎಂದು ಇಂದುಮತಿ ತಿಳಿಸಿದರು. ಕಾಲೇಜಿನ ಸಾಮಾನು ಹೊರಗೆ ಹೋಗುವ ಹಾಗಿಲ್ಲ ಎಂದು ಬೆಟಗೇರಿ ಹೇಳಿದರು. ತೊಟ್ಟಿ ನನ್ನದು ಸರ್, ಎಂದರು ಇಂದುಮತಿ. ಲೇಸರೂ ನನ್ನದು, ಚೂರು ನಿಮ್ಮವರು ಎಸೆದದ್ದು ಎಂದೂ ಸೇರಿಸಿದರು. ಬೆಟಗೇರಿ ಬಾಗಿಲವರೆಗೆ ಹೋಗಿ ನಿಂತರು. ಆಮೇಲೆ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋದರು.

ಏಪ್ರಿಲ್ಲಿನಲ್ಲಿ ನಾನು ಮೊದಲ ಸಲ ಊರು ಬಿಟ್ಟೆ. ನನ್ನನ್ನು ಜೈತುನಬಿಯ ಕೌದಿಯಲ್ಲಿ ಸುತ್ತಿದ್ದರು. ಗ್ಲಿಸರಿನ್ ಎರಡು ಕ್ಯಾನುಗಳಲ್ಲಿ, ಚೂರು ಅಕ್ಕಿ ಚೀಲದಲ್ಲಿ. ಹಾವೇರಿ ಬಸ್ಸಿನಲ್ಲಿ ನಾನು ಜೈತುನಬಿಯ ತೊಡೆಯ ಮೇಲೆ ಕೂತೆ. ಇಂದುಮತಿ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದರು. ಶಿಗ್ಗಾವಿ ದಾಟಿದ ಮೇಲೆ ರಸ್ತೆಯುಬ್ಬೊಂದರ ಮೇಲೆ ಬಸ್ಸು ಜೋರಾಗಿ ಹಾರಿತು. ಮುಂದಿನ ಸೀಟಿನ ಕಬ್ಬಿಣಕ್ಕೆ ನನ್ನ ಕೆಳಮೂಲೆ ಬಡಿಯಿತು. ಮೂಲೆಯಿಂದ ಬೆರಳುದ್ದ ಒಂದು ಬಿರುಕು ಮೇಲೇರಿತು. ಜೈತುನಬಿ ಕೌದಿಯೊಳಗೆ ಕೈ ಹಾಕಿ ಸವರಿ ನೋಡಿದಳು. ಆಮೇಲೆ ಹಾವೇರಿ ಬರುವ ತನಕ ಕೈ ತೆಗೆಯಲಿಲ್ಲ, ಮಲಗಿದವರನ್ನು ಎಬ್ಬಿಸಲೂ ಇಲ್ಲ.

ವಿಚಾರಣೆಯ ಕೋಣೆಯಲ್ಲಿ ದ್ರವ ಸುರಿದಾಗ ಬಿರುಕಿನಿಂದ ಜಿನುಗಿತು. ಜೈತುನಬಿ ಬಟ್ಟೆ ಒಗೆಯುವ ಸಾಬೂನು ತರಿಸಿ, ಬಿರುಕಿನ ಮೇಲೆ ಗಟ್ಟಿಯಾಗಿ ತಿಕ್ಕಿ ಮೆತ್ತಿದಳು. ಜಿನುಗುವುದು ಕಡಿಮೆಯಾಯಿತು. ಕಿಟಕಿಗೆ ಪರದೆ ಎಳೆದರು. ಅಧಿಕಾರಿ ಮೇಜಿನ ಆ ಕಡೆ, ದಪ್ಪ ಕನ್ನಡಕದವರು. ಕಾರ್ಖಾನೆಯ ವಕೀಲರು ಈ ಕಡೆ. ಗೋಡೆ ಪಕ್ಕದಲ್ಲಿ ಇಮಾಮಸಾಬನ ಆ ಜೊತೆಗಾರ ನಿಂತಿದ್ದ.

ಇಂದುಮತಿ ದಾರ ಎಳೆದರು. ಚೂರುಗಳು ಇಳಿದವು, ನಿಲ್ಲಲಿಲ್ಲ. ಮೇಲೆ ಚೆನ್ನಾಗಿ ಗುಂಡಿ ಬಿತ್ತು. ವಕೀಲರು ಎದ್ದು ಬಂದು ಬಗ್ಗಿ ನೋಡಿದರು.

“ನೋಡ್ರಿ ಸಾಹೇಬ್ರ, ಗುಂಡಿ ಕಾಣಸ್ತದ. ನಮ್ಮ ವರದಿಯೊಳಗ ಇದನ್ನ ಬರದೇವಿ,” ಎಂದರು.

ಜೈತುನಬಿ ಇಂದುಮತಿಯವರ ಮುಖ ನೋಡಿದಳು. ಇಂದುಮತಿ ಇನ್ನೊಮ್ಮೆ ಮಾಡುತ್ತೇನೆ, ಹೊತ್ತು ಬೇಕು ಎಂದು ಕೇಳಿದರು. ಊಟ ಮುಗಿಸಿ ಬರುತ್ತೇನೆ ಎಂದು ಅಧಿಕಾರಿ ಎದ್ದರು.

ಇಬ್ಬರೂ ಊಟ ಮಾಡಲಿಲ್ಲ. ತೊಳೆದು ಒಣಗಿಸುವಷ್ಟು ಹೊತ್ತಿಲ್ಲದ್ದರಿಂದ ಚೂರುಗಳನ್ನು ತೆಗೆದು, ಬರೀ ಸೋಸಿ, ಗಾಳಿಗುಳ್ಳೆ ಸೇರದಂತೆ ಹಿಡಿ ಹಿಡಿಯಾಗಿ ಮತ್ತೆ ತುಂಬಿದರು. ಮುಗಿಯುವ ಹೊತ್ತಿಗೆ ಎರಡು ಗಂಟೆಯ ಬಿಸಿಲು ಮೇಲ್ಛಾವಣಿಯಿಂದ ಇಳಿಯುತ್ತಿತ್ತು. ನನ್ನೊಳಗೆ ಮಬ್ಬು ಕವಿಯಿತು. ಚೂರುಗಳು ಒಂದೊಂದಾಗಿ ಎದ್ದು ಬಂದವು. ಬೆಳಕಿನ ಹಾಳೆ ಅರ್ಧಕ್ಕೇ ಕದಡಿ ಹೋಯಿತು. ಬಿಸಿಲಿಗೆ ಹೀಗಾಗುತ್ತದೆ, ತಂಪಾಗದಿದ್ದರೆ ಏನೂ ಕಾಣದು ಎಂದು ಹೇಳಿ ಇಂದುಮತಿ ಕುರ್ಚಿಯಲ್ಲಿ ಕೂತುಬಿಟ್ಟರು. ಇನ್ನು ಆಗದು ಎನ್ನುವ ಹಾಗೆ ಕೈಗಳು ಮಡಿಲಿಗೆ ಬಿದ್ದವು.

ಜೈತುನಬಿ ಕೌದಿ ಎತ್ತಿಕೊಂಡು ಹೊರಗೆ ಹೋದಳು. ಅಂಗಳದ ನಳದಲ್ಲಿ ಅದನ್ನು ತೋಯಿಸಿ ತಂದು ನನಗೆ ಸುತ್ತಿದಳು. ಜೊತೆಗಾರನಿಗೆ ಒಂದು ಫೈಲು ಕೊಟ್ಟು ಗಾಳಿ ಹಾಕಲು ಹೇಳಿದಳು. ಒಣಗಿದಂತೆಲ್ಲ ಮತ್ತೆ ನೀರು ಚಿಮುಕಿಸಿದಳು. ಹೂಜಿಯ ನೀರು ತಂಪಾಗುವ ಹಾಗೆ ನಾನು ತಂಪಾದೆ. ಮುಕ್ಕಾಲು ಗಂಟೆ ಹಿಡಿಯಿತು. ಅಧಿಕಾರಿ ಬಂದು ಕೂತು, ಅವಸರ ಮಾಡದೆ ನೋಡುತ್ತಿದ್ದರು. ಕೌದಿ ತೆಗೆದಾಗ ನನ್ನೊಳಗೆ ತಿಳಿಯಾಗಿತ್ತು.

ದಾರ ಎಳೆದರು. ಚೂರುಗಳು ಇಳಿದವು, ನಿಂತವು. ಇಂದುಮತಿ ಅಧಿಕಾರಿಯನ್ನು ಕರೆದು ಮೊದಲು ಮೇಲಿನಿಂದ ನೋಡಲು ಹೇಳಿದರು. ಅವರು ನೋಡಿ, ಸಪಾಟಿದೆ ಎಂದರು. ಆಮೇಲೆ ಹಸಿರು ಹಾಳೆ ಬಂತು. ಕಮಾನಿನ ಕೆಳಗೆ ಮುಷ್ಟಿಯಷ್ಟು ಜಾಗ ಕಿತ್ತಳೆಯಾಗಿ ಉರಿಯಿತು. ಇಂದುಮತಿ ಒಂದು ಕಬ್ಬಿಣದ ನಟ್ಟನ್ನು ಚಿಮಟದಲ್ಲಿ ಹಿಡಿದು ಮೇಲ್ಮೈಯ ಅಂಚಿನಲ್ಲಿಟ್ಟರು. ನಿಂತಿತು. ಸ್ವಲ್ಪ ಒಳಗೆ ಇಟ್ಟರು, ನಿಂತಿತು. ನಡುವೆ ಇಟ್ಟು, ಚಿಮಟದ ತುದಿಯಿಂದ ಒಂದು ಸಲ ಒತ್ತಿದರು. ಕಮಾನು ಸಡಿಲಿತು. ಗ್ಲಿಸರಿನ್ ಮಂದವಾದ್ದರಿಂದ ಎಲ್ಲವೂ ಬಹಳ ನಿಧಾನವಾಗಿ ನಡೆಯಿತು. ನಟ್ಟು ಕೆಳಗೆ ಹೋಯಿತು, ಅದರ ಮೇಲೆ ಚೂರುಗಳು ಒಂದೊಂದಾಗಿ, ನಿದ್ದೆಗಣ್ಣಿನಲ್ಲಿ ಬರುವವರ ಹಾಗೆ, ಬಂದು ಮುಚ್ಚಿದವು.

ಗೋಡೆ ಪಕ್ಕದ ಜೊತೆಗಾರ ಮುಖ ತಿರುಗಿಸಿಕೊಂಡ. ಜೈತುನಬಿ ತಿರುಗಿಸಲಿಲ್ಲ. ಕೊನೆಯ ಚೂರು ನಿಲ್ಲುವವರೆಗೂ ನೋಡಿದಳು.

ವಕೀಲರು ಮೃದುವಾಗಿಯೇ ಕೇಳಿದರು. “ಪ್ರತಿ ಸಲ ಹಿಂಗ ಆಗ್ತದೇನ್ರಿ ಮೇಡಂ?”

“ಇಲ್ರೀ. ಹತ್ತಕ್ಕ ಆರು ಸಲ.”

“ಹಂಗಾದ್ರ ನಾಕು ಸಲ ಗುಂಡಿ ಕಾಣಸ್ತದ.”

“ಕಾಣಸ್ತೈತ್ರಿ,” ಎಂದರು ಇಂದುಮತಿ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. “ಗುಂಡಿ ಕಂಡಲ್ಲೆ ಒಂಬತ್ತು ವರ್ಷದ ಕೆಲಸಗಾರ ಕಾಲ ಇಡೂದಿಲ್ರಿ. ಕಾಣಲಾರದ್ದಕ್ಕ ಇಟ್ಟಾನ. ಕೆಳಗಿನ ಬಾಯಿಂದ ಜ್ವಾಳ ಹೋಗೇತಿ, ಮ್ಯಾಲೆ ಇಳದಿಲ್ಲ ಅಂದ್ರ ನಡುವ ಪೊಳ್ಳೈತಿ ಅಂತ ಕೆಳಗ ನಿಂತು ಜ್ವಾಳ ಬಿಟ್ಟವ್ರಿಗೆ ತಿಳೀಬೇಕಿತ್ತು. ಇಳದಾಂವಗಲ್ಲ.”

ಅಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆ ದಿನ ಜೋಳ ಎಷ್ಟು ಹೊತ್ತು ಬಿಟ್ಟಿದ್ದರು ಎಂಬ ದಾಖಲೆ ತರಿಸಿ ಎಂದು ವಕೀಲರಿಗೆ ಹೇಳಿದರು. ಜೊತೆಗಾರನನ್ನು ಹತ್ತಿರ ಕರೆದು, ನೀನು ಕಂಡದ್ದನ್ನು ಮತ್ತೊಮ್ಮೆ ಹೇಳು ಎಂದರು. ಅವನು ಹೇಳಿದ. ಈ ಸಲ ಬರೆದುಕೊಂಡರು.

ನಾನು ಕಾಲೇಜಿಗೆ ಹಿಂತಿರುಗಲಿಲ್ಲ, ಜೈತುನಬಿಯ ಮನೆಗೆ ಹೋದೆ. ಎರಡು ದಿನ ಬಿಟ್ಟು ಇಂದುಮತಿ ಹೋದಾಗ ಕೋಣೆಗೆ ಬೇರೆ ಬೀಗ ಬಿದ್ದಿತ್ತು, ಉತ್ತರಪತ್ರಿಕೆ ಇಡಲು ಜಾಗ ಬೇಕಾಗಿದೆ ಎಂದರಂತೆ. ಯಾರೂ ಅವರನ್ನು ಬೈಯಲಿಲ್ಲ. ಜೈತುನಬಿಯನ್ನೂ ಕೆಲಸ ಬಿಡಿಸಲಿಲ್ಲ, ಹೊರಗಿನ ಅಂಗಳ ಗುಡಿಸಲು ಹಾಕಿದರು. ಹೊಸ ಕೋಣೆ ಹುಡುಕುವಷ್ಟರಲ್ಲಿ ಗಡುವು ಮುಗಿಯಿತು. ಡಾಕ್ಟರೇಟ್ ಆಗಲಿಲ್ಲ. ನಾಲ್ಕು ವರ್ಷದ ಫೋಟೋಗಳು ಒಂದು ಪೆಟ್ಟಿಗೆಯೊಳಗೆ ಉಳಿದವು. ಒಂದು ಭಾನುವಾರ ಜೈತುನಬಿಯ ಮನೆಗೆ ಬಂದಾಗ ಅವರು ಇದನ್ನೆಲ್ಲ ಹೇಳಿದರು. ನನ್ನಿಂದ ನಿಮಗೆ ಹೀಗಾಯಿತು ಎಂದು ಜೈತುನಬಿ ಅತ್ತಳು. ಇಂದುಮತಿ ರೊಟ್ಟಿ ಮುರಿಯುತ್ತ ಕೂತಿದ್ದರು.

“ದುಃಖ ಏನಿಲ್ಲವಾ,” ಎಂದರು. “ದಣಿವಾಗೇತಿ ಅಷ್ಟ. ಮುಂಜಾನೆ ಏಳಕ್ಕ ಬೀಗ ತಗಿಯೂದು ತಪ್ಪಿತಲ್ಲಾ ಅಂತ ಒಮ್ಮೊಮ್ಮೆ ಹಗರ ಆಗತೈತಿ. ಆಮ್ಯಾಲೆ ಅದ ಭಾರ ಆಗತೈತಿ.”

ಜೈತುನಬಿಯ ಮನೆ ಹಳೇ ಹುಬ್ಬಳ್ಳಿಯಲ್ಲಿ, ಒಂದು ಕೋಣೆ, ಒಂದು ಪಡಸಾಲೆ. ಬಿರುಕು ಬಿಟ್ಟ ನಾನು ನೀರು ಹಿಡಿಯಲಾರೆ. ಅವಳು ನನ್ನನ್ನು ಬಿಸಿನೀರಿನಲ್ಲಿ ತೊಳೆದು, ಒರೆಸಿ, ಗೋಡೆಗೆ ಒತ್ತಿಟ್ಟು, ಮೇಲಂತಸ್ತಿನಲ್ಲಿ ಒಣಗಿಸಿ ಗರಿಗರಿಯಾದ ಖಟಕ ರೊಟ್ಟಿಗಳನ್ನು ನಿಲ್ಲಿಸಿ ಜೋಡಿಸಿದಳು. ರೊಟ್ಟಿಗಳು ನನ್ನ ಬಾಯಿಂದ ಎರಡು ಬೆರಳು ಮೇಲೆ ಕಾಣುತ್ತವೆ. ಅವಳ ಮಾವ ಹಸನಸಾಬ ಪಡಸಾಲೆಯಲ್ಲಿ, ನನ್ನ ಎದುರಿಗೇ, ದಿನವಿಡೀ ಕೂತಿರುತ್ತಿದ್ದ. ಕಿವಿ ಬಹಳ ಮಂದ. ಮೂರು ಹೊತ್ತು ರೊಟ್ಟಿಗಾಗಿ ನನ್ನ ಕಡೆ ಕೈ ಚಾಚುತ್ತಿದ್ದ. ನಾನು ಏನು ತೋರಿಸಿ ಬಂದಿದ್ದೇನೆ ಎಂದು ಸೊಸೆ ಎಷ್ಟೋ ಸಲ ಹೇಳಿದ್ದಳು. ಅವನು ಕೇಳಿಸದವನಂತೆ ಇರುತ್ತಿದ್ದ, ಅಥವಾ ಕೇಳಿಸುತ್ತಿರಲಿಲ್ಲ.

ಜನವರಿಯಲ್ಲಿ ಆದೇಶ ಬಂತು. ಜೈತುನಬಿ ಲಕೋಟೆ ಒಡೆಯದೆ ಇಂದುಮತಿಯವರಿಗೆ ಹೇಳಿ ಕಳಿಸಿದಳು. ಅವರು ಸಂಜೆ ಬಂದರು, ಪಡಸಾಲೆಯ ಮೆಟ್ಟಿಲನ್ನು ಅಡ್ಡಡ್ಡ ಹತ್ತಿ, ಓದಿ, ಮತ್ತೊಮ್ಮೆ ಓದಿದರು. ಮೇಲ್ವಿಚಾರಕನ ಮೇಲೆ ಕ್ರಮ ಎಂದಿತ್ತು. ಅವನು ಯಾವತ್ತೋ ಬೇರೆ ಊರಿಗೆ ಹೋಗಿದ್ದ. ಕಣಜಕ್ಕೆ ಇಳಿಯುವವರಿಗೆ ಸೊಂಟದ ಹಗ್ಗ ಕಡ್ಡಾಯ ಎಂದಿತ್ತು. ಕೊನೆಗೆ ಮೂರು ಸಾಲು. ಅವನ್ನು ಮುದುಕನಿಗೆ ಓದಿ ಹೇಳಬೇಕೆಂದು ಜೈತುನಬಿ ಕೇಳಿದಳು. ತಾನು ಹೇಳಿದರೆ ನಂಬುವುದಿಲ್ಲ, ಕಾಗದ ಹಿಡಿದವರು ಹೇಳಬೇಕು.

ಇಂದುಮತಿ ಅವನ ಪಕ್ಕ ಕೂತು ಓದಿದರು. ಕೇಳಿಸಲಿಲ್ಲ. ದನಿ ಎತ್ತಿದರು. ಅವನು ಕಿವಿಗೆ ಕೈ ಹಚ್ಚಿದ. ಇಪ್ಪತ್ತಕ್ಕೂ ಹೆಚ್ಚು ವರ್ಷ ತುಂಬಿದ ತರಗತಿಗಳಿಗೆ ಪಾಠ ಹೇಳಿದ ಗಂಟಲು ಅದು. ಅವರು ಎದ್ದು ನಿಂತು, ಒಂದೊಂದೇ ಪದ ಬಿಡಿಸಿ, ಇಡೀ ಓಣಿಗೆ ಕೇಳುವಂತೆ ಓದಿದರು. ಮೃತರು ಮದ್ಯ ಸೇವಿಸಿದ್ದರು ಎಂಬುದಕ್ಕೆ ಯಾವ ಆಧಾರವೂ ಇಲ್ಲ. ಜೋಳದ ಮೇಲ್ಮೈಯಲ್ಲಿ ಅಪಾಯ ಕಣ್ಣಿಗೆ ಕಾಣುವಂತಿರಲಿಲ್ಲ. ಇಮಾಮಸಾಬ ಹಸನಸಾಬ ನದಾಫ ಅವರು ತಮಗೆ ಹೇಳಿದ ಕೆಲಸವನ್ನು ಮಾಡುತ್ತಿದ್ದಾಗ ಸಾವು ಸಂಭವಿಸಿದೆ.

ಎದುರು ಮನೆಯ ಬಾಗಿಲಲ್ಲಿ ಹೆಂಗಸರು ನಿಂತರು. ನಳದ ಹತ್ತಿರ ಕೊಡ ತುಂಬುವುದು ನಿಂತಿತು.

ಮುದುಕ ಕಾಗದದ ಕಡೆ ಬೆರಳು ತೋರಿಸಿ ಕೇಳಿದ. “ಹೆಸರ ಏನ ಬರದಾರ?”

“ಇಮಾಮಸಾಬ,” ಎಂದರು ಇಂದುಮತಿ.

“ಮುಂದ?”

“ಇಮಾಮಸಾಬ ಹಸನಸಾಬ ನದಾಫ.”

“ಹೌದು,” ಎಂದ ಮುದುಕ. “ನನ್ನ ಮಗಾ.”

ಜೈತುನಬಿ ಒಳಗೆ ಹೋದಳು. ಇಂದುಮತಿ ಕಾಗದ ಮಡಿಸಿ ಅವನ ಕೈಗೆ ಕೊಟ್ಟು, ಗೋಡೆಗೆ ಬೆನ್ನು ಕೊಟ್ಟು ಕೂತು ಕಣ್ಣು ಮುಚ್ಚಿದರು. ಚಹಾ ಬರುವಷ್ಟರಲ್ಲಿ ನಿದ್ದೆ ಹತ್ತಿತ್ತು. ಯಾರೂ ಎಬ್ಬಿಸಲಿಲ್ಲ.

ಅದಾಗಿ ನಾಲ್ಕು ವರ್ಷ. ಹಸನಸಾಬ ಹೋದ ಮಳೆಗಾಲದಲ್ಲಿ ತೀರಿಕೊಂಡ. ಇಂದುಮತಿ ಇನ್ನೂ ಪಾಠ ಹೇಳುತ್ತಾರೆ, ಹಬ್ಬಕ್ಕೆ ಬರುತ್ತಾರೆ. ಆ ಕಾರ್ಖಾನೆಯಲ್ಲಿ ಹಗ್ಗ ಕಟ್ಟಿ ಇಳಿಯುತ್ತಾರೋ ಇಲ್ಲವೋ ನನಗೆ ತಿಳಿಯದು. ಮೊದಲ ವರ್ಷ ಕಟ್ಟುತ್ತಿದ್ದರು ಎಂದು ಆ ಜೊತೆಗಾರ ಬಂದಾಗ ಹೇಳಿದ್ದ. ನನ್ನ ಬಿರುಕು ಒಂದು ಗೇಣಿಗೆ ಬೆಳೆದಿದೆ. ಚಳಿಗಾಲದ ಬೆಳಗಿನಲ್ಲಿ ಅದು ಇನ್ನಷ್ಟು ಏರುವುದು ನನಗೇ ಕೇಳಿಸುತ್ತದೆ. ಜೈತುನಬಿ ಅದರ ಮೇಲೆ ಅಂಟುಪಟ್ಟಿ ಹಚ್ಚಿದ್ದಾಳೆ.

ನನ್ನಂಥ ತೊಟ್ಟಿಗೆ ತನ್ನದೆಂದು ಹೇಳಿಕೊಳ್ಳುವ ದೊಡ್ಡ ಕೆಲಸವೇನೂ ಇಲ್ಲ. ಗೋಡೆ ನೇರವಾಗಿರಬೇಕು, ಒಳಗೆ ಸುರಿದದ್ದನ್ನು ಹಿಡಿದಿರಬೇಕು, ಬೆಳಕಿಗೆ ಅಡ್ಡ ಬರಬಾರದು. ಜೈತುನಬಿಯ ಸಲುವಾಗಿ ನಲವತ್ತೆರಡು ಸಲ ಅಷ್ಟನ್ನು ಮಾಡಿದೆ. ಅದರಲ್ಲಿ ಒಂದು ಸಲ ಒಬ್ಬ ಅಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಈಗ ಒಳಗೆ ಹಾಕಿದ ರೊಟ್ಟಿ ಹೊರಗಿನಿಂದ ಕಾಣುತ್ತದೆ, ಎಷ್ಟು ಉಳಿದಿವೆ ಎಂದು ಜೈತುನಬಿ ಕೈ ಹಾಕದೆಯೇ ತಿಳಿಯುತ್ತಾಳೆ. ಸಂಜೆ ಅವಳು ಅಂಗಳದ ಕಸ ಗುಡಿಸಿ ಮನೆಗೆ ಬರುತ್ತಾಳೆ, ಕೈಕಾಲು ತೊಳೆಯುತ್ತಾಳೆ, ಒಂದು ರೊಟ್ಟಿ ಎಳೆದುಕೊಂಡು ನನ್ನ ಪಕ್ಕ ಕೂರುತ್ತಾಳೆ.